ಅರ್ಧ ಟ್ಯೂಬು

ಶಿಲ್ಪಳಿಗೂ ಮೆಟ್ಟಿಲಿಗೂ ಈಚೆಗೆ ಆಗಿಬರುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆಯುವವಳು; ಹೆಬ್ಬಾಳ, ಗಂಗಾನಗರ, ಆರ್.ಟಿ. ನಗರದ ಲಿಫ್ಟಿಲ್ಲದ ಮನೆಗಳ ಮೆಟ್ಟಿಲುಗಳೆಲ್ಲ ಅವಳ ಕಾಲಿಗೆ ಬಾಯಿಪಾಠವಾಗಿದ್ದವು. ಎಲ್ಲಿ ಅಂಚು ಒಡೆದಿದೆ, ಯಾವ ತಿರುವಿನಲ್ಲಿ ಸೈಕಲ್ಲು ಅಡ್ಡ ನಿಂತಿರುತ್ತದೆ ಎಂದು ನೋಡದೆಯೇ ಹತ್ತಿ ಇಳಿಯುತ್ತಿದ್ದಳು. ಈಗ ಹತ್ತು ಮೆಟ್ಟಿಲು ಏರುವಷ್ಟರಲ್ಲಿ ತೊಡೆಯ ಮೂಳೆಯ ಒಳಗಿನಿಂದಲೇ ಒಂದು ನೋವು ಎದ್ದು, ಸೊಂಟಕ್ಕೆ ಬಂದು, ಅಲ್ಲೇ ಠಿಕಾಣಿ ಹೂಡುತ್ತಿತ್ತು. ಏಳು ತಿಂಗಳ ಬಸುರಿಗೆ ಸೊಂಟ ನೋಯದೆ ಇನ್ನೇನು ಎಂದು ತನಗೆ ತಾನೇ ಹೇಳಿಕೊಳ್ಳುವಳು. ಅತ್ತೆ ಮುನಿನಾರಾಯಣಮ್ಮನೂ ಅದನ್ನೇ ಹೇಳಿದ್ದಳು: "ಇದೆಲ್ಲಾ ಮಾಮೂಲು ಕಣಮ್ಮ. ನಿನ್ ಗಂಡನ್ನ ವೊತ್ತಾಗ ನಾನೂ ಇಂಗೇ ಸೊಂಟ ಇಡ್ಕೊಂಡೇ ಒಲಕ್ಕೆ ಗೊಬ್ಬರ ವೊತ್ತಿದ್ದು." ಆದರೂ ಶಿಲ್ಪಳಿಗೆ ಎಲ್ಲೋ ಒಂದು ಕಿರಿಕಿರಿ. ನೋವಿಗಿಂತ ಹೆಚ್ಚಾಗಿ ಅವಳಿಗೆ ಹಿಡಿಸದ್ದು ತನ್ನ ಮೈ ತನ್ನ ಮಾತು ಕೇಳದಿರುವುದು. ಮೈಗಳ ವಿಷಯ ತನಗೆ ಗೊತ್ತು ಎಂಬುದರ ಮೇಲೆಯೇ ಅವಳು ಬದುಕು ಕಟ್ಟಿಕೊಂಡಿದ್ದಳು. ಎಂಥ ಕಳ್ಳ ನರವಾದರೂ ಸರಿ, ಒಂದೇ ಚುಚ್ಚಿಗೆ ಸಿಕ್ಕಬೇಕು. ಎರಡನೇ ಸಲ ಚುಚ್ಚುವವರನ್ನು ಕಂಡರೆ ಅವಳಿಗೆ ಹೊಲಿಗೆ ಬಿಚ್ಚಿ ಹೊಲಿಯುವ ದರ್ಜಿಯನ್ನು ಕಂಡಷ್ಟೇ ಸಸಾರ.

ಆ ದಿನ ಬೆಳಗಿನಿಂದ ಎಲ್ಲವೂ ತಡವಾಗಿತ್ತು. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಲಾರಿ ಕೆಟ್ಟು, ಏಳಕ್ಕೆ ಹೋಗಬೇಕಾದ ಮನೆಗೆ ಒಂಬತ್ತಕ್ಕೆ ಹೋಗಿ, ಉಪವಾಸ ಕೂತಿದ್ದ ಮುದುಕರಿಂದ ಬೈಸಿಕೊಂಡು, ತನ್ನಂತೆಯೇ ಬಸುರಿಯಾದ ಸಬೀರಾಳ ಮನೆಯ ಬೀದಿಗೆ ತಿರುಗುವ ಹೊತ್ತಿಗೆ ಹನ್ನೆರಡು ಹೊಡೆದಿತ್ತು. ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿದ್ದರೂ ಶಿಲ್ಪಳಿಗೆ ಅದು ತಾಕಲು ದಾರಿಯೇ ಇರಲಿಲ್ಲ. ಹೆಲ್ಮೆಟ್ಟಿನ ಕೆಳಗೆ ಕಣ್ಣಷ್ಟೇ ಬಿಟ್ಟು ಸುತ್ತಿದ ದುಪಟ್ಟಾ, ಮಣಿಕಟ್ಟಿನವರೆಗೆ ಬರುವ ಬಿಸಿಲುಕೋಟು, ಅದರ ಮೇಲೆ ಮೊಣಕೈವರೆಗಿನ ಗ್ಲೌಸು, ಕಾಲಿಗೆ ಸಾಕ್ಸು. ಸ್ಕೂಟರ್ ಓಡಿಸುವ ಹೆಂಗಸರೆಲ್ಲ ಹಾಗೇ, ಅದರಲ್ಲೇನು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಚಿಕ್ಕಜಾಲದ ನೆಂಟರ ಮುಂದೆ ಅವಳ ಕೈಹಿಡಿದು ತೋರಿಸಿ, "ಬಿಸ್ಲಲ್ಲಿ ಓಡಾಡೋ ಕೆಲ್ಸ, ಆದ್ರೂ ನಮ್ ಸೊಸೆ ಎಂಗವ್ಳೆ ನೋಡು, ಒಸಿನೂ ಕಪ್ಪಾಗಿಲ್ಲ," ಎಂದಿದ್ದಳು. ಆ ಮಾತು ಕೇಳಿ ನಾಚಿಕೆಯಾದಂತೆ ನಟಿಸಿದ್ದರೂ ಒಳಗೆ ಹಿಗ್ಗಿದ್ದಳು. ಬಸುರಾದ ಮೇಲಂತೂ ಗ್ಲೌಸಿನ ಒಂದು ಬೆರಳೂ ಸಡಿಲವಾಗದಂತೆ ನೋಡಿಕೊಳ್ಳುತ್ತಿದ್ದಳು. ತಾಯಿ ಬಿಸಿಲಿಗೆ ಹೋದರೆ ಹುಟ್ಟುವ ಮಗು ಕಪ್ಪಾಗುತ್ತದೆಂಬುದು ಶುದ್ಧ ಸುಳ್ಳೆಂದು ಅವಳಿಗೆ ಗೊತ್ತಿತ್ತು. ಹತ್ತು ಜನ ಬಸುರಿಯರಿಗೆ ಅವಳೇ ಹೇಳಿದ್ದಳು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಹೇಳುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಸೂಜಿ ಚುಚ್ಚುವಾಗ ಗಮನ ಬೇರೆ ಕಡೆ ಹೋಗಲಿ ಎಂದು ಶುರುಮಾಡಿದ ಮಾತು ವರ್ಷ ಕಳೆದಂತೆ ಪಾಠವಾಗಿಬಿಟ್ಟಿತ್ತು. ವಿಟಮಿನ್ ಡಿ ಮೂವತ್ತಾದರೂ ಇರಬೇಕು, ಇಪ್ಪತ್ತಕ್ಕಿಂತ ಇಳಿದರೆ ಕೊರತೆ. ಏಳು ಗಂಟೆಯ ಎಳೆಬಿಸಿಲಲ್ಲಿ ಕೂತು ಕಾಫಿ ಕುಡಿದರೆ ಪ್ರಯೋಜನ ಕಡಿಮೆ, ನೆರಳು ನಮಗಿಂತ ಗಿಡ್ಡವಾಗಿರುವಾಗಿನ ಬಿಸಿಲು ಬೇಕು. ತಾಯಿಯ ಮೈಯಲ್ಲಿ ಇದ್ದರೆ ತಾನೇ ಮಗುವಿಗೆ ಬರುವುದು. ಇದನ್ನು ಅವಳು ಪುಸ್ತಕದಿಂದ ಕಲಿತವಳಲ್ಲ. ಮೂರು ವರ್ಷದ ಹಿಂದೆ ಯಶವಂತಪುರದ ಒಂದು ನರ್ಸಿಂಗ್ ಹೋಮಿನಲ್ಲಿ ಒಂಬತ್ತು ದಿನದ ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದಿದ್ದಳು. ಕೂಸಿನ ಒಂದು ಕೈ ತಾಳ ಹಾಕಿದಂತೆ ಅದುರುತ್ತಿತ್ತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು. ಕ್ಯಾಲ್ಸಿಯಂ ಪಾತಾಳಕ್ಕಿಳಿದಿತ್ತು. ಆಮೇಲೆ ತಾಯಿಯ ರಕ್ತ ನೋಡಿದರೆ ವಿಟಮಿನ್ ಡಿ ಐದು. ಕೂಸು ಉಳಿಯಿತು, ಚೆನ್ನಾಗಿಯೂ ಆಯಿತು. ಆದರೆ ಆ ತಾಯಿ ಕಾರಿಡಾರಿನಲ್ಲಿ ನಿಂತು, ಹೋಗಿಬರುವವರನ್ನೆಲ್ಲ, ನೆಲ ಒರೆಸುವವಳನ್ನೂ ಸೇರಿಸಿ, "ನಾನೇನು ತಪ್ಪು ಮಾಡಿದೆ?" ಎಂದು ಕೇಳುತ್ತಿದ್ದಳು. ಅಂದಿನಿಂದ ಶಿಲ್ಪ ಬಸುರಿಯರನ್ನು ಬಿಡುತ್ತಿರಲಿಲ್ಲ.

ತನ್ನದನ್ನೂ ಎರಡು ತಿಂಗಳ ಹಿಂದೆ ಪರೀಕ್ಷೆ ಮಾಡಿಸಿದ್ದಳು. ಮೂವತ್ತನಾಲ್ಕು ಬಂದಿತ್ತು. ಗಂಡ ನಂದಕುಮಾರನಿಗೆ ವಾಟ್ಸಾಪಿನಲ್ಲಿ ಕಳಿಸಿ, ನಿಮ್ಮ ಹೆಂಡತಿ ಫಸ್ಟ್ ಕ್ಲಾಸು ಎಂದು ಬರೆದಿದ್ದಳು. ಆ ಸಂತೋಷದಲ್ಲಿ ಒಂದೇ ಒಂದು ಹುಳುಕು ಉಳಿದಿತ್ತು. ಲ್ಯಾಬಿನ ಉಸ್ತುವಾರಿಯ ಸುಬ್ರಮಣಿ ಅಂದು ಎಲ್ಲರೆದುರು, "ಏನ್ ಶಿಲ್ಪ, ಊರವ್ರ ರಕ್ತ ಎಲ್ಲಾ ಕಂಠಪೂರ್ತಿ ತುಂಬ್ಕೊಂಡ್ ಬರ್ತೀಯ, ನಿಂದು ಮಾತ್ರ ಅರ್ಧ ಟ್ಯೂಬು? ಜಿಪುಣಿ ಕಣಮ್ಮ ನೀನು," ಎಂದು ನಕ್ಕಿದ್ದ. ಅವಳು ಅರ್ಧ ಟ್ಯೂಬು ಕಳಿಸಿದವಳೇ ಅಲ್ಲ. ಏನೋ ತಮಾಷೆ ಮಾಡುತ್ತಿದ್ದಾನೆಂದು ಬಿಟ್ಟಿದ್ದಳು. ಬಿಟ್ಟಿದ್ದರೂ ಆ ಮಾತು ಹಲ್ಲಿನ ಸಂದಿಯ ಸೊಪ್ಪಿನ ಹಾಗೆ ಆಗೀಗ ನಾಲಿಗೆಗೆ ತಾಗುತ್ತಿತ್ತು.

ಸಬೀರಾಳ ಮನೆ ನೆಲಮಹಡಿಯಲ್ಲಿ, ಎರಡು ಕಟ್ಟಡಗಳ ನಡುವಿನ ಓಣಿಯಲ್ಲಿತ್ತು. ಹಗಲಲ್ಲೂ ದೀಪ ಹಾಕಬೇಕಾದ ಮನೆ. ಪ್ರತಿಸಲವೂ ಬೆಳಗ್ಗೆ ಏಳಕ್ಕೇ ಬರುತ್ತಿದ್ದ ಶಿಲ್ಪ ಆ ಮನೆಯಲ್ಲಿ ಕಂಡಿದ್ದು ಹಳದಿ ದೀಪದ ಕೆಳಗೆ ತಲೆಯ ಮೇಲೆ ಸೆರಗು ಹೊದ್ದು, ಮಣಿಕಟ್ಟಿನವರೆಗೆ ತೋಳಿರುವ ಬಟ್ಟೆಯುಟ್ಟ ಸಬೀರಾಳನ್ನು. ಅವಳನ್ನು ನೋಡುವ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಕಂಡಿದ್ದು ಬುರ್ಖಾ ಹಾಕಿದ ಸಬೀರಾಳನ್ನು. ಅವಳ ವರದಿಯಲ್ಲಿ ವಿಟಮಿನ್ ಡಿ ಎಂಟು ಎಂದು ಬಂದಾಗ ಯಾರಿಗೂ ಆಶ್ಚರ್ಯವಾಗಿರಲಿಲ್ಲ. ಡಾಕ್ಟರಮ್ಮನಿಗಂತೂ ಆಗಲೇ ಇಲ್ಲ. ಕ್ಲಿನಿಕ್ಕಿನ ಹಾಲಿನಲ್ಲಿ ಇಪ್ಪತ್ತು ಜನ ಕೂತಿದ್ದಾಗಲೇ ವರದಿ ಎತ್ತಿಹಿಡಿದು, "ನೀವುಗಳು ಮನೆಯಿಂದ ಆಚೇನೇ ಬರಲ್ಲ, ಬಂದ್ರೂ ಮೈಯೆಲ್ಲಾ ಮುಚ್ಕೊಂಡ್ ಬರ್ತೀರ. ಮಗೂಗೆ ಮೂಳೆ ಎಲ್ಲಿಂದ ಬರ್ಬೇಕಮ್ಮ?" ಎಂದಿದ್ದರು. ಸಬೀರಾ ಮೆಲ್ಲಗೆ, "ನಾನು ದಿನಾ ಬಿಸಿಲಲ್ಲೇ ಕೂರ್ತೀನಿ ಮೇಡಂ," ಎಂದಳು. ವರದಿಗಳ ಕಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದ ಶಿಲ್ಪಳ ನಾಲಿಗೆ ಸುಮ್ಮನಿರಬೇಕಲ್ಲ. "ಬುರ್ಖಾಗೆ ಬಿದ್ದ ಬಿಸಿಲು ಬುರ್ಖಾಗೇ ಸಬೀರಾ, ಒಳಗೆ ಇಳಿಯಲ್ಲ!" ಬೆಂಚಿನ ಮೇಲಿದ್ದ ನಾಲ್ಕೈದು ಹೆಂಗಸರು ನಕ್ಕರು. ಒಳ್ಳೆ ಮಾತು ಹೊಳೆಯಿತೆಂದು ಶಿಲ್ಪಳಿಗೆ ಇಡೀ ಮಧ್ಯಾಹ್ನ ಗೆಲುವಾಗಿತ್ತು. ಸಬೀರಾಳಿಗೆ ವಾರಕ್ಕೊಂದರಂತೆ ಎಂಟು ಪೊಟ್ಟಣ ಪುಡಿ ಬರೆದುಕೊಟ್ಟಿದ್ದರು, ಹಾಲಿಗೆ ಹಾಕಿಕೊಂಡು ಕುಡಿಯಲು. ಎಂಟು ವಾರ ಮುಗಿದಿತ್ತು. ಮತ್ತೆ ರಕ್ತ ತೆಗೆಯುವುದೇ ಇಂದಿನ ಕೆಲಸ.

ಬಾಗಿಲು ತೆರೆದ ಸಬೀರಾಳ ಅತ್ತೆ, "ಈ ಟೈಮಲ್ಲಿ ಅವಳು ಕೆಳಗೆಲ್ಲಿರ್ತಾಳೆ? ಮೇಲಿದಾಳೆ, ಹೋಗಮ್ಮ," ಎಂದು ಮೆಟ್ಟಿಲು ತೋರಿಸಿದಳು. ಮೂರು ಮಹಡಿ. ಶಿಲ್ಪ ಕಂಬಿ ಹಿಡಿದುಕೊಂಡು, ಪ್ರತಿ ತಿರುವಿನಲ್ಲೂ ಫೋನ್ ನೋಡುವ ನೆಪದಲ್ಲಿ ನಿಂತು, ಮೇಲೆ ಹೋದಳು. ತಗಡಿನ ಬಾಗಿಲು ತಳ್ಳಿದೊಡನೆ ಬೆಳಕು ಮುಖಕ್ಕೆ ಹೊಡೆಯಿತು. ಮಾಳಿಗೆಯ ನಾಲ್ಕೂ ಕಡೆ ಆಳೆತ್ತರಕ್ಕೆ ನೀಲಿ ಶೀಟು ಕಟ್ಟಿತ್ತು. ಮೇಲೆ ಮಾತ್ರ ಆಕಾಶ. ಆ ಬಿಸಿಲಿನ ಪೆಟ್ಟಿಗೆಯ ನಡುವೆ ಚಾಪೆ ಹಾಕಿಕೊಂಡು, ಗಿಡ್ಡ ತೋಳಿನ ಹತ್ತಿಯ ನೈಟಿ ತೊಟ್ಟು, ತಲೆಗೂದಲು ಬೆನ್ನಮೇಲೆ ಹರವಿಕೊಂಡು ಒಬ್ಬಳು ಕೂತಿದ್ದಳು. ತೊಡೆಯ ಮೇಲೆ ಯಾರದೋ ರೇಷ್ಮೆ ಸೀರೆಯ ಸೆರಗು. ಸುತ್ತ ದಾರದ ಉಂಡೆಗಳು. ಸೆರಗಿನ ಅಂಚಿಗೆ ಕುಚ್ಚು ಕಟ್ಟುತ್ತಿದ್ದಳು. ಒಂದು ಕ್ಷಣ ಶಿಲ್ಪಳಿಗೆ ಇದು ಯಾರೆಂದೇ ಗುರುತು ಹತ್ತಲಿಲ್ಲ. ಅವಳ ತೋಳುಗಳು ಹುರಿದ ಕಡಲೆಕಾಯಿ ಬೀಜದ ಸಿಪ್ಪೆಯ ಬಣ್ಣಕ್ಕಿದ್ದವು.

"ಬನ್ನಿ ಬನ್ನಿ, ಇಲ್ಲೇ ತಗೊಳ್ತೀರಾ, ಕೆಳಗೆ ಬರ್ಲಾ?" ಎಂದಳು ಸಬೀರಾ, ಹಲ್ಲಲ್ಲಿ ದಾರ ಕಚ್ಚಿಕೊಂಡೇ.

"ಇಲ್ಲೇನ್ ಮಾಡ್ತಿದೀರ, ಈ ಮಟಮಟ ಮಧ್ಯಾಹ್ನದಲ್ಲಿ?"

"ಕೆಲಸ. ರೂಮಿನ ಲೈಟಲ್ಲಿ ಮೆರೂನೂ ಕೆಂಪೂ ಒಂದೇ ಥರ ಕಾಣುತ್ತೆ. ಒಂದ್ಸಲ ಮದುವೆ ಸೀರೆಗೆ ತಪ್ಪು ದಾರ ಹಾಕಿ ಬೈಸ್ಕೊಂಡೆ. ಅವತ್ತಿಂದ ಹನ್ನೊಂದರಿಂದ ಒಂದೂವರೆ ಇಲ್ಲೇ. ನಾಲ್ಕು ವರ್ಷ ಆಯ್ತು." ದಾರವನ್ನು ಬಾಯಿಂದ ತೆಗೆದು ಗಂಟು ಬಿಗಿದಳು. "ಹೇಳಿದ್ನಲ್ಲ ಆವತ್ತು, ಕ್ಲಿನಿಕ್ಕಲ್ಲಿ."

ಬಿಸಿಲಿಗೋ ಮೆಟ್ಟಿಲಿಗೋ ಶಿಲ್ಪಳಿಗೆ ಕಣ್ಣು ಕತ್ತಲಿಟ್ಟಿತು. ಚಾಪೆಯ ತುದಿಯಲ್ಲಿ ಕೂತು ಪೆಟ್ಟಿಗೆ ತೆರೆದಳು, ಕೈ ತನ್ನ ಪಾಡಿಗೆ ಹತ್ತಿ, ಸೂಜಿ, ರಬ್ಬರ್ ಪಟ್ಟಿ ಎಂದು ಹುಡುಕತೊಡಗಿತು. ಗ್ಲೌಸು ಕಳಚಿದಳು. ಮಡಕೆಯ ಅಡಿಯಲ್ಲಿ ಮೊಳೆತ ಹುಲ್ಲಿನ ಬಿಳುಪಿಗಿದ್ದ ತನ್ನ ಕೈ, ಪಕ್ಕದಲ್ಲೇ ಸಬೀರಾ ಚಾಚಿದ ಕೈ. ಸಬೀರಾ ಬಳೆಗಳನ್ನು ಹಿಂದಕ್ಕೆ ಸರಿಸಿದಾಗ ಬಳೆಯಿದ್ದ ಜಾಗದಲ್ಲಿ ಮಾತ್ರ ಒಂದು ಬಿಳಿಯ ಪಟ್ಟಿ ಉಳಿದಿತ್ತು. ಈ ಮೈಯಲ್ಲಿ ಎಂಟಿರಲು ಹೇಗೆ ಸಾಧ್ಯ? ಎರಡು ತಿಂಗಳ ಹಿಂದಿನ ಆ ಬೆಳಗ್ಗೆ ಕೆಳಗಿನ ಮನೆಯ ದಿವಾನದ ಮೇಲೆ ಇಬ್ಬರೂ ಹೀಗೇ ಪಕ್ಕಪಕ್ಕ ಕೂತಿದ್ದರು. ಸಬೀರಾಳ ನರ ಜಾರುವ ನರ. ಒಂದೇ ಚುಚ್ಚಿಗೆ ಸಿಕ್ಕಿದರೂ ರಕ್ತ ನಡುವೆ ನಿಂತುಹೋಗಿತ್ತು. ಎರಡನೇ ಸಲ ಚುಚ್ಚುವುದು ತನ್ನ ಜಾಯಮಾನವಲ್ಲ, ಇಷ್ಟೇ ಸಾಕು ಪರೀಕ್ಷೆಗೆ, ಎಂದಿದ್ದಳು ಶಿಲ್ಪ. ಆಮೇಲೆ ಜಂಬ. ನಂದೂ ತೆಗೆಯೋದಿದೆ, ನನ್ನ ಕೈಗೆ ನಾನೇ ಚುಚ್ಕೋತೀನಿ ನೋಡಿ ಎಂದು ರಬ್ಬರ್ ಪಟ್ಟಿಯ ಒಂದು ತುದಿಯನ್ನು ಸಬೀರಾಳ ಕೈಗೆ ಕೊಟ್ಟು, ತನ್ನ ಎಡಗೈಯಿಂದ ಟ್ಯೂಬು ಭರ್ತಿ ತೆಗೆದಿದ್ದಳು. ಸಬೀರಾ "ಯಾ ಅಲ್ಲಾ!" ಎಂದು ಕಣ್ಣುಮುಚ್ಚಿಕೊಂಡಿದ್ದಳು, ಇಬ್ಬರೂ ನಕ್ಕಿದ್ದರು. ಮೊದಲು ಹೆಸರಿನ ಚೀಟಿ ಅಂಟಿಸಬೇಕು, ಆಮೇಲೆ ಸೂಜಿ. ಹೊಸ ಹುಡುಗಿಯರಿಗೆ ಅವಳೇ ಕಲಿಸುವ ಮೊದಲ ಪಾಠ ಅದು. ಅಷ್ಟರಲ್ಲಿ ಗಂಗಾನಗರದವರು ಕಾಯುತ್ತಿದ್ದಾರೆಂದು ಸುಬ್ರಮಣಿಯ ಫೋನು. ಎರಡು ಟ್ಯೂಬುಗಳನ್ನೂ ಕೋಟಿನ ಜೇಬಿಗೆ ಹಾಕಿಕೊಂಡು, ಬೀದಿಗೆ ಬಂದು, ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿ, ಸ್ಕೂಟರಿನ ಸೀಟಿನ ಮೇಲೆ ಚೀಟಿ ಅಂಟಿಸಿದ್ದಳು. ನಿಂದು ಮಾತ್ರ ಅರ್ಧ ಟ್ಯೂಬು? ಜಿಪುಣಿ ಕಣಮ್ಮ ನೀನು.

ಅರ್ಧ ಟ್ಯೂಬು ಸಬೀರಾಳದು. ಅದರ ಮೇಲೆ ಶಿಲ್ಪ ಅಂಟಿಸಿದ್ದು ತನ್ನ ಹೆಸರು.

ತೊಡೆಯ ನೋವು, ಸೊಂಟದ ನೋವು, ಮೆಟ್ಟಿಲು, ಎಲ್ಲಕ್ಕೂ ಒಂದೇ ಏಟಿಗೆ ಅರ್ಥ ಬಂತು. ಹೊಟ್ಟೆಯಲ್ಲಿ ಮಗು ಹೊರಳಿತು. ಆ ಹೊರಳಾಟದ ಜೊತೆಗೇ ಯಶವಂತಪುರದ ಕೂಸಿನ ತಾಳ ಹಾಕುವ ಕೈ ಕಣ್ಣಿಗೆ ಬಂದು ನಿಂತಿತು. ಎಂಟು. ಐದು ತಿಂಗಳಿಗೇ ತಿಳಿಯಬೇಕಾಗಿದ್ದು ಏಳನೆಯದಕ್ಕೆ ತಿಳಿಯಿತು. ನಡುವಿನ ಎರಡು ತಿಂಗಳು ತಾನು ಫಸ್ಟ್ ಕ್ಲಾಸು ಎಂದು ಮೆರೆದದ್ದು. ಆದರೆ ಶಿಲ್ಪಳ ತಲೆ ಬಹಳ ಹೊತ್ತು ಕಂಗೆಟ್ಟಿರುವ ತಲೆಯಲ್ಲ. ಅದು ಆಗಲೇ ದಾರಿ ಹುಡುಕಿತ್ತು, ಅದೂ ಎಂಥ ನುಣುಪಾದ ದಾರಿ! ಈಗ ರಕ್ತ ತೆಗೆದುಕೊಂಡು ಹೋದರೆ ಸಬೀರಾಳದು ಚೆನ್ನಾಗಿಯೇ ಬರುತ್ತದೆ. ಪುಡಿ ಕೆಲಸ ಮಾಡಿತು ಎನ್ನುತ್ತಾರೆ ಡಾಕ್ಟರಮ್ಮ, ನಿಲ್ಲಿಸುತ್ತಾರೆ. ತಾನು ಸಂಜೆಯೇ ಇನ್ನೊಂದು ಕಡೆ ಪರೀಕ್ಷೆ ಮಾಡಿಸಿ ಪುಡಿ ಶುರುಮಾಡಿದರಾಯಿತು. ಯಾರ ಕೆಲಸವೂ ಹೋಗುವುದಿಲ್ಲ, ಯಾರ ಮಾನವೂ ಹೋಗುವುದಿಲ್ಲ. ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಯುತ್ತದೆ. ಅವಳು ಚೀಟಿ ತೆಗೆದು, ಸಬೀರಾಳ ಹೆಸರನ್ನು ಎರಡು ಸಲ ಓದಿ, ಖಾಲಿ ಟ್ಯೂಬಿಗೆ ಅಂಟಿಸಿದಳು. ನಂತರ ಪಟ್ಟಿ ಕಟ್ಟಿದಳು.

"ಈ ಸಲ ಜಾಸ್ತಿ ಆಗಿರುತ್ತೆ ಅಲ್ವಾ?" ಎಂದಳು ಸಬೀರಾ.

"ಆಗಿರುತ್ತೆ."

"ಆಗಿದ್ರೆ ಸಾಕು." ಸಬೀರಾ ಸೂಜಿಯನ್ನು ನೋಡದೆ ನೀಲಿ ಶೀಟಿನ ಕಡೆ ಮುಖ ತಿರುಗಿಸಿದಳು. "ನಿಮ್ಗೆ ಹೇಳ್ತೀನಿ, ನನ್ನ ಗಂಡ ಸರ್ಫರಾಜ್‌ಗೂ ಹೇಳಿಲ್ಲ. ಎರಡು ತಿಂಗಳಿಂದ ನಿದ್ದೆ ಇಲ್ಲ. ಮಗು ಒದ್ದಾಗೆಲ್ಲಾ ಅಲ್ಲಿ ಕೈ ಇಟ್ಟು ಒತ್ತಿ ನೋಡ್ತೀನಿ, ಮೂಳೆ ಗಟ್ಟಿ ಇದೆಯೋ ಇಲ್ವೋ ಅಂತ. ನಾಲ್ಕು ವರ್ಷ ಬಿಸಿಲಲ್ಲಿ ಕೂತ್ರೂ ನನ್ನ ಮೈ ಹಿಡ್ಕೊಂಡಿಲ್ಲ ಅಂದ್ರೆ ಮೈಯಲ್ಲೇ ಏನೋ ಕೆಟ್ಟಿದೆ ಅಲ್ವಾ? ನನ್ನ ಮಗೂಗೆ ನಾನೇ ಏನೋ ಮಾಡಿಬಿಟ್ಟೆ ಅನ್ಸುತ್ತೆ."

ಶಿಲ್ಪ ಸೂಜಿ ಚುಚ್ಚಲಿಲ್ಲ. ಕಟ್ಟಿದ ಪಟ್ಟಿಯನ್ನು ಬಿಚ್ಚಿದಳು. ತಾನು ಈಗಷ್ಟೇ ಹುಡುಕಿದ ನುಣುಪಾದ ದಾರಿ ಈ ಹೆಂಗಸಿನ ನಿದ್ದೆಯ ಮೇಲೆ ಹಾದುಹೋಗುತ್ತಿತ್ತು. ಅವಳ ಮೈ ಕೆಟ್ಟಿತ್ತು, ಪುಡಿಯಿಂದ ಸರಿಯಾಯಿತು ಎಂದು ಅವಳು ಜನ್ಮವಿಡೀ ನಂಬಿಕೊಂಡಿರುತ್ತಿದ್ದಳು. ಮುಂದೆ ಮಗು ಒಂದು ದಿನ ತಡವಾಗಿ ನಡೆದರೂ ತನ್ನನ್ನೇ ಹಳಿದುಕೊಳ್ಳುತ್ತಿದ್ದಳು.

"ನಿಮ್ಮ ಮೈಗೆ ಏನೂ ಆಗಿಲ್ಲ ಸಬೀರಾ," ಎಂದಳು. "ಯಾವತ್ತೂ ಆಗಿರ್ಲಿಲ್ಲ. ಟ್ಯೂಬು ಅದಲುಬದಲಾಗಿದೆ. ಆವತ್ತು ನಾನು ಚೀಟಿ ಆಮೇಲೆ ಅಂಟಿಸ್ದೆ, ನಿಮ್ಮದಕ್ಕೆ ನನ್ನ ಹೆಸರು, ನನ್ನದಕ್ಕೆ ನಿಮ್ಮ ಹೆಸರು. ತಪ್ಪು ಮಾಡಿದ್ದು ನಾನು."

ಸಬೀರಾ ಕೈ ಹಿಂದಕ್ಕೆ ತೆಗೆದುಕೊಂಡಳು. ಸೆರಗನ್ನು ಮತ್ತೆ ತೊಡೆಗೆಳೆದುಕೊಂಡು ಒಂದು ಕುಚ್ಚು ಕಟ್ಟಿದಳು, ಅದರ ಪಕ್ಕ ಇನ್ನೊಂದು. ಅವಳು ಬೈದಿದ್ದರೆ, ಅತ್ತಿದ್ದರೆ ಶಿಲ್ಪಳಿಗೆ ಸುಲಭವಾಗುತ್ತಿತ್ತು. ಎಂಟು ಪೊಟ್ಟಣ ಕುಡಿದದ್ದರಿಂದ ತೊಂದರೆಯೇನೂ ಆಗಿರಲಾರದು, ಆದರೂ ಡಾಕ್ಟರು ನೋಡಬೇಕು, ನಾನೇ ಫೋನ್ ಮಾಡಿ ಹೇಳುತ್ತೇನೆ ಎಂದೆಲ್ಲ ಶಿಲ್ಪ ಗಡಗಡ ಹೇಳತೊಡಗಿದಳು.

"ಫೋನಲ್ಲಿ ಬೇಡ," ಎಂದಳು ಸಬೀರಾ, ತಲೆಯೆತ್ತದೆ. "ಡಾಕ್ಟ್ರಮ್ಮ ಬೈದಿದ್ದು ಎಲ್ಲರ ಮುಂದೆ. ನೀವು ತಮಾಷೆ ಮಾಡಿದ್ದು ಎಲ್ಲರ ಮುಂದೆ. ಈಗ ಸರಿ ಮಾಡೋದು ಮಾತ್ರ ಮಾಳಿಗೆ ಮೇಲೆ, ನಮ್ಮಿಬ್ಬರ ಮಧ್ಯೆ. ಹೆಂಗ್ರೀ ಅದು?"

ಕ್ಲಿನಿಕ್ಕಿಗೆ ಎರಡೇ ಬೀದಿ. ನಡೆದೇ ಹೋದರು. ಬುರ್ಖಾ ಹಾಕಿಕೊಂಡ ಸಬೀರಾ ಮುಂದೆ, ಹೆಲ್ಮೆಟ್ಟು ಕೈಯಲ್ಲಿ ಹಿಡಿದ ಶಿಲ್ಪ ಹಿಂದೆ. ಬೇಕರಿಯ ಮುಂದೆ ಆಟೋದವನು ಎರಡು ಹೊಟ್ಟೆಗಳನ್ನು ಕಂಡು ಬ್ರೇಕು ಹಾಕಿ ದಾರಿ ಬಿಟ್ಟ. ಬೆಚ್ಚಗೆ, ಬೇಸರವಿಲ್ಲದೆ, ಬಿಸಿಲು ಎಲ್ಲರ ಮೇಲೂ ಬೀಳುತ್ತಿತ್ತು. ಸುಬ್ರಮಣಿ ಏನೆನ್ನುತ್ತಾನೆ, ಕೆಲಸ ಉಳಿಯುತ್ತದೋ ಇಲ್ಲವೋ, ಅತ್ತೆಗೆ ಏನು ಹೇಳುವುದು. ಹೇಳುವುದೇನು, ಇದ್ದದ್ದನ್ನೇ ಹೇಳುವುದು. ಮೊಲೆಹಾಲು ಕುಡಿದವರೇ ಬದುಕುವುದಿಲ್ಲವಂತೆ, ಇನ್ನು ಈ ಕೆಲಸ ಶಾಶ್ವತವೇ ಎಂದುಕೊಂಡಳು. ವಿಚಿತ್ರವೆಂದರೆ ಅವಳಿಗೆ ಹೆದರಿಕೆಯಿರಲಿಲ್ಲ. ಕಷ್ಟದ ನರ ಸಿಕ್ಕುವ ಮುಂಚೆ ಬೆರಳ ತುದಿಗೆ ಬರುವ ಎಚ್ಚರವೊಂದೇ ಇತ್ತು. ಎಲ್ಲಿ ಚುಚ್ಚಬೇಕೆಂದು ಗೊತ್ತಾದ ಮೇಲೆ ಕೈ ಹಿಂದೆಗೆಯುವ ಅಭ್ಯಾಸ ಅವಳಿಗಿರಲಿಲ್ಲ.

ಕ್ಲಿನಿಕ್ಕಿನ ಹಾಲ್ ಎಂದಿನಂತೆ ತುಂಬಿತ್ತು. ಸಬೀರಾ ಬೆಂಚಿನ ತುದಿಯಲ್ಲಿ ಕೂತಳು. ಶಿಲ್ಪ ಡಾಕ್ಟರಮ್ಮನ ಕೋಣೆಯ ಹೊಸ್ತಿಲಲ್ಲೇ ನಿಂತು, "ಮೇಡಂ, ಎರಡು ತಿಂಗಳ ಹಿಂದಿನ ರಿಪೋರ್ಟ್ ಬಗ್ಗೆ," ಎಂದಳು. ಅವಳ ಮುಖ ನೋಡಿಯೇ ಏನೋ ಹೊಳೆದು ಅವರು, "ಒಳಗೆ ಬಾ, ಬಾಗಿಲು ಹಾಕು," ಎಂದರು.

"ಬಾಗಿಲು ಹಾಗೇ ಇರ್ಲಿ ಮೇಡಂ." ಮನೆಮನೆಯ ಗೇಟಿನಲ್ಲಿ ನಿಂತು ಲ್ಯಾಬಿನವರು ಬಂದಿದೀವಿ ಎಂದು ಕೂಗುವ ದನಿಯಲ್ಲೇ ಹೇಳಿದಳು. "ಸಬೀರಾ ಅವ್ರಿಗೆ ವಿಟಮಿನ್ ಡಿ ಕಮ್ಮಿ ಅಂತ ಕೊಟ್ಟ ರಿಪೋರ್ಟು ತಪ್ಪು. ಟ್ಯೂಬಿನ ಚೀಟಿ ನಾನು ಅದಲುಬದಲು ಮಾಡಿದ್ದು. ಅವ್ರದು ಮೂವತ್ತನಾಲ್ಕಿತ್ತು, ಪೂರ್ತಿ ಚೆನ್ನಾಗಿತ್ತು. ಅವ್ರು ದಿನಾ ಎರಡೂವರೆ ಗಂಟೆ ಬಿಸಿಲಲ್ಲಿ ಕೂತು ಕೆಲಸ ಮಾಡ್ತಾರೆ. ಆವತ್ತು ಇಲ್ಲೇ ಅದನ್ನ ಹೇಳಿದ್ರು. ನಾನು ಕೇಳಿಸ್ಕೊಳ್ದೆ ತಮಾಷೆ ಮಾಡ್ದೆ."

ಡಾಕ್ಟರಮ್ಮ ಎದ್ದು ಹೊಸ್ತಿಲಿಗೆ ಬಂದರು. ಬೆಂಚಿನ ತುದಿಯ ಕಡೆ ನೋಡಿ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು, "ನಾನೂ ಕೇಳಿಸ್ಕೊಬೇಕಿತ್ತಮ್ಮ," ಎಂದರು. "ತಪ್ಪಾಯ್ತು. ಪುಡಿ ನಿಲ್ಸಿ. ಕ್ಯಾಲ್ಸಿಯಂ ಒಂದು ನೋಡೋಣ, ಹೆದರೋ ಅಂಥದ್ದೇನಿಲ್ಲ." ಸಬೀರಾ ತಲೆ ತಗ್ಗಿಸಲಿಲ್ಲ. ನೇರ ನೋಡಿ, ಸರಿ ಎಂಬಂತೆ ಕತ್ತು ಆಡಿಸಿದಳು. ಒಳಗೆ ಹೋಗಲು ತಿರುಗಿದ ಡಾಕ್ಟರಮ್ಮ ಗಕ್ಕನೆ ನಿಂತರು.

"ಶಿಲ್ಪಾ, ಹಾಗಾದ್ರೆ ಆ ಎಂಟು ಯಾರದು?"

ಅಲ್ಲಿದ್ದ ಇಪ್ಪತ್ತು ಮುಖಗಳೂ ಶಿಲ್ಪಳ ಕಡೆ ತಿರುಗಿದವು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಡಾಕ್ಟರಮ್ಮನ ಮುಖದಲ್ಲಿದ್ದ ಸಿಟ್ಟು ಇಳಿದುಹೋಯಿತು. "ಎಷ್ಟು ತಿಂಗಳೇ ನಿಂಗೆ?"

"ಏಳು." ಮುಂದಿನ ಮಾತು ತಾನಾಗಿಯೇ ಬಂತು. "ಮಗೂಗೆ ಏನೂ ಆಗಲ್ಲ ಅಲ್ವಾ ಮೇಡಂ?"

"ಇನ್ನೂ ಎರಡು ತಿಂಗಳು ನಮ್ಮ ಕೈಯಲ್ಲಿದೆ. ಇವತ್ತಿಂದಾನೇ ಶುರು ಮಾಡೋಣ. ಕೂತ್ಕೊ ಮೊದಲು."

ಬೆಂಚಿನಲ್ಲಿ ಜಾಗವಿರಲಿಲ್ಲ. ಸಬೀರಾ ಸರಿದು, ಪಕ್ಕದ ಹೆಂಗಸನ್ನೂ ಸರಿಸಿ, "ಬನ್ನಿ ಇಲ್ಲಿ," ಎಂದಳು. ಶಿಲ್ಪ ಹೋಗಿ ಅವಳ ಪಕ್ಕ ಕೂತು, ಕೋಟಿನ ತೋಳು ಮಡಚಿ, ರಕ್ತ ತೆಗೆಯಲು ಬಂದ ನರ್ಸಿನ ಕಡೆಗೆ ಕೈ ಚಾಚಿದಳು.